ಗುಬ್ಬಿಗೆ ಎಷ್ಟು ಮಾರ್ಕು?

ಬಳ್ಳಾರಿಗೆ ಬಂದಿಳಿದ ದಿನ ನಾನು ಮಾತನಾಡಿದ್ದು ಕನ್ನಡವನ್ನೇ. ಕೌಲ್‌ಬಜಾರಿನ ಒಂದು ಓಣಿಯಲ್ಲಿ ಟ್ರಂಕನ್ನು ಕೆಳಗಿಟ್ಟು, ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು, "ಬಾಡಿಗೆಗೆ ಒಂದು ಕೋಣೆ ಉಂಟೆಂದು ಹೇಳಿದರು, ನೋಡಬಹುದಾ?" ಎಂದು ಕೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಯಾರಿಗೋ ಕೂಗಿ ಹೇಳಿದಳು: "ಯಾರೋ ಬಂದಾರ. ಕನ್ನಡ ಬರಂಗಿಲ್ಲ ಕಾಣತೈತಿ." ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಏನೋ ವಿಚಾರಿಸಿದಳು. ತಲೆಯ ಮೇಲೆ ಬಿಸಿಲು, ಎದುರಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬಂಡೆಗುಡ್ಡ, ಮಂಗಳೂರಿನ ಶಾಲೆಯಲ್ಲಿ ಕನ್ನಡಕ್ಕೆ ಬಹುಮಾನ ಪಡೆದಿದ್ದ ನಾನು ಮೂಕಿಯಂತೆ ನಿಂತಿದ್ದೆ.

ಆಕೆಯ ಹೆಸರು ಬಸಮ್ಮ. ಕೊನೆಗೆ ಕೋಣೆ ಕೊಟ್ಟವಳೂ ಆಕೆಯೇ. ಅದಕ್ಕೆ ಮೊದಲು ನಾಲ್ಕಾರು ಮನೆಗಳವರು ನನ್ನ ಹಿಂದೆ ಮುಂದೆ ಇಣುಕಿ, "ಗಂಡಸ್ರು ಎಲ್ಲೆದಾರ್ರಿ?" ಎಂದು ಕೇಳಿ, ಗಂಡಸರೇ ಇಲ್ಲವೆಂದು ತಿಳಿದ ಮೇಲೆ ಕೋಣೆಯೂ ಇಲ್ಲವೆಂದಿದ್ದರು. ನಮ್ಮ ಕಡೆ ಒಂಟಿ ಹೆಂಗಸು ಊರು ಬಿಟ್ಟು ಟೀಚರ್ ಕೆಲಸಕ್ಕೆ ಹೋಗುವುದು ಅಂಥ ದೊಡ್ಡ ಸುದ್ದಿಯಲ್ಲ. ಇಲ್ಲಿ ನಾನು ಒಂದು ತಿಂಗಳು ಓಣಿಯ ಸುದ್ದಿಯಾಗಿದ್ದೆ. ಬಸಮ್ಮ ಮಾತ್ರ, "ಇರ್ಲಿ ಬಿಡ್ರಿ, ನಮ್ಮ ಮನಿಯಾಗೂ ಗಂಡಸ್ರಿಲ್ಲ" ಎಂದು ಬೀಗದ ಕೈ ಕೊಟ್ಟಳು.

ಆಗಿನ್ನೂ ನಮ್ಮ ಜಿಲ್ಲೆ, ಈ ಜಿಲ್ಲೆ ಎರಡೂ ಮದ್ರಾಸಿಗೇ ಸೇರಿದ್ದವು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದಿತ್ತು. ಹೆಂಗಸರಿಗೆ ಹೊಲಿಗೆ ಕಲಿಸಿ ಸರ್ಟಿಫಿಕೇಟು ಕೊಡುವ ತರಗತಿಗಳು ಅಲ್ಲಲ್ಲಿ ತೆರೆದಿದ್ದವು. ಸರ್ಟಿಫಿಕೇಟು ಇದ್ದವರಿಗೆ ಹಳ್ಳಿಯ ಸಾಲೆಗಳಲ್ಲಿ ಹೊಲಿಗೆ ಟೀಚರ್ ಕೆಲಸ ಸಿಗುತ್ತಿತ್ತು. ನಾನು ಟೀಚರಾಗಿ ಬಂದದ್ದು ಅಂಥ ಒಂದು ಕೇಂದ್ರಕ್ಕೆ. ಬಳ್ಳಾರಿಯದು ಮುಖ್ಯ ಕೇಂದ್ರ. ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಒಂದೊಂದು ಶಾಖೆ.

ಮಂಗಳೂರಿನಲ್ಲಿ ನೀರು ಎಲ್ಲಿಂದ ಬರುತ್ತದೆಂದು ನಾನು ಯೋಚಿಸಿದ್ದೇ ಇಲ್ಲ. ಇಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಂತು ಬಳ್ಳಾರಿಯ ಅರ್ಧದಷ್ಟು ಹೆಂಗಸರ ಪರಿಚಯವಾಯಿತು. ಗಂಜಿಗೆಂದು ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು ನನಗೆ ಜ್ವರವೇ ಎಂದು ವಿಚಾರಿಸಿದ. ಮೀನಿನ ಮಾತು ಎತ್ತಲೇ ಇಲ್ಲ. ಬಸಮ್ಮನ ಮನೆಯಲ್ಲಿ ಅದರ ಹೆಸರು ಹೇಳಿದರೂ ಕೋಣೆ ಹೋಗುತ್ತಿತ್ತು. ಇದನ್ನೆಲ್ಲ ಹೇಗೋ ಸಹಿಸಿದೆ. ನನ್ನ ತಾಳ್ಮೆ ಕೆಟ್ಟದ್ದು ಮಾರ್ಕುಗಳ ವಿಷಯದಲ್ಲಿ.

ನಮ್ಮ ಸೂಪರಿಂಟೆಂಡೆಂಟ್ ಕಾಮೇಶ್ವರಮ್ಮ ತೆಲುಗಿನವರು. ಒಳ್ಳೆಯವರು, ಆದರೆ ಮದ್ರಾಸಿನಿಂದ ಕಾಗದ ಬಂತೆಂದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ಒಂದು ದಿನ ನನ್ನನ್ನು ಕರೆದರು.

"ಸಿರುಗುಪ್ಪದಲ್ಲಿ ಎಲ್ಲಾರೂ ಪಾಸಂತೆ. ಕುರುಗೋಡಲ್ಲಿ ಎಲ್ಲಾರೂ ಫೇಲಂತೆ. ಪೇಪರ್ ಒಂದೇ, ಬಟ್ಟೆ ಒಂದೇ. ಇದು ಹೇಗಮ್ಮಾ ಅಂತ ಮದ್ರಾಸಿನವರು ಕೇಳ್ತಾರೆ. ಸರಿಮಾಡದಿದ್ದರೆ ಶಾಖೆ ಮುಚ್ಚುತ್ತಾರೆ. ನೀವು ಹೋಗಿ ನೋಡಿ ಬನ್ನಿ."

ಟೀಚರು ಹಾಕಿದ ಮಾರ್ಕನ್ನು ಇನ್ನೊಬ್ಬ ಟೀಚರು ಹೋಗಿ ತಾಳೆ ನೋಡುವುದು ಇಲ್ಲಿ ಯಾರೂ ಕೇಳದ ಕೆಲಸ. ನನಗೂ ಅದು ಬೇಕಿರಲಿಲ್ಲ. ಆದರೂ ಇದ್ದಿಲಿನ ಹೊಗೆ ಉಗುಳುವ ಬಸ್ಸಿನಲ್ಲಿ ಕೂತು ಮೊದಲು ಸಿರುಗುಪ್ಪಕ್ಕೆ ಹೋದೆ. ಹಳೆಯ ಕಾಲುವೆಯ ನೀರಿಗೆ ಬೆಳೆದ ಭತ್ತದ ಹಸಿರು ಕಂಡಾಗ ಒಂದು ಗಳಿಗೆ ಊರೇ ಕಂಡಂತಾಯಿತು. ಶಾಖೆಯ ಒಳಗೆ ಕಾಲಿಟ್ಟ ಕೂಡಲೇ ಆ ಸಂತೋಷ ಮುಗಿಯಿತು.

ಸಿರುಗುಪ್ಪದ ಟೀಚರು ರತ್ನಮ್ಮ, ದುಂಡಗಿನ ನಗುಮುಖದ ಹೆಂಗಸು. ಪರೀಕ್ಷೆಗೆ ಹೊಲಿದ ಮಕ್ಕಳ ಅಂಗಿಗಳನ್ನೆಲ್ಲ ನನ್ನ ಮುಂದೆ ಹರಡಿದಳು. ಒಂದರ ತೋಳು ಹಿಂದುಮುಂದಾಗಿತ್ತು. ಅದಕ್ಕೂ ಒಳ್ಳೆಯ ಮಾರ್ಕು. ಇನ್ನೂ ವಿಚಿತ್ರವೆಂದರೆ, ಗುಂಡಿ ಹಚ್ಚುವ ಜಾಗದ ನೀಲಿ ಚಾಕಿನ ಗುರುತು ಎಲ್ಲ ಅಂಗಿಗಳ ಮೇಲೂ ಒಂದೇ ಕೈಯದಾಗಿತ್ತು.

"ಈ ಗುರುತು ಯಾರು ಹಾಕಿದ್ದು?"

"ನಾನರೀ. ಪೇಪರು ತಿಳೀಲಿಲ್ಲ ಅಂತ ಹೆಣ್ಮಕ್ಕಳು ಅಳಾಕ ಹತ್ತಿದ್ವು. ಹಾಕಿಕೊಟ್ಟೆ."

"ಪರೀಕ್ಷೆಯಲ್ಲಿ?"

"ಪರೀಕ್ಷಾದಾಗ ಅಲ್ದ ಮತ್ತ್ಯಾವಾಗ ಹಾಕಿಕೊಡ್ಲಿ?" ಎಂದಳು ರತ್ನಮ್ಮ. "ಟೀಚರ್ರಿ, ಹಚ್ಚೊಳ್ಳಿ, ರಾರಾವಿಯಿಂದ ಬಂಡಿ ಹತ್ತಿ ಬರ್ತಾವು. ಅತ್ತಿ ಕಾಲು ಹಿಡದು, ಗಂಡನ್ನ ಕಾಡಿಬೇಡಿ ಬರ್ತಾವು. ಫೇಲ್ ಅಂದ್ರ ನಾಳಿಂದ ಮನಿ ಬಿಟ್ಟು ಕಳಸಂಗಿಲ್ಲ. ನೀವಾದ್ರ ಮಾಡ್ತಿದ್ರೇನು ಫೇಲು?"

ಮಾಡುತ್ತಿದ್ದೆ ಎಂದೆ. ಆ ತೋಳಿನ ಅಂಗಿ ಹೊಲಿದವಳು ನಾಳೆ ಸಾಲೆಯಲ್ಲಿ ನೂರು ಹುಡುಗಿಯರಿಗೆ ಹಿಂದುಮುಂದಿನ ತೋಳನ್ನೇ ಕಲಿಸುತ್ತಾಳೆಂದೂ ಹೇಳಿದೆ. ರತ್ನಮ್ಮ ನನಗೆ ಚಹಾ ತರಿಸಿಕೊಟ್ಟು, ಪಾಪ ಎನ್ನುವಂತೆ ನೋಡಿದಳು.

ಕುರುಗೋಡಿನ ಟೀಚರು ಗುರುಸಿದ್ದಮ್ಮ ಬೇರೆಯೇ ತರಹ. ತೆಳ್ಳಗೆ, ನೆಟ್ಟಗೆ, ಮಾತಿಗೆ ಮುಂಚೆ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡುವ ಹೆಂಗಸು. ಅಂಗಿಗಳನ್ನು ಮಡಚಿ ಗಂಟು ಕಟ್ಟಿ ಇಟ್ಟಿದ್ದಳು. ಬಿಚ್ಚಿ ನೋಡಿದರೆ ಹೊಲಿಗೆ ಚೆನ್ನಾಗಿಯೇ ಇತ್ತು, ಆದರೆ ಒಂದು ಅಂಗಿಗೂ ಗುಂಡಿಯಿಲ್ಲ, ಗುಂಡಿ ತೂರಿಸುವ ಕಾಜವೂ ಇಲ್ಲ. ಎದೆ ಹಾಗೆಯೇ ತೆರೆದಿತ್ತು. ಒಂದು ಅಂಗಿಯ ಮೇಲೆ ಮಾತ್ರ, ಗುಂಡಿ ಇರಬೇಕಾದ ಜಾಗದಲ್ಲಿ, ಕಂದು ದಾರದಲ್ಲಿ ಮೂರು ಗುಬ್ಬಚ್ಚಿಗಳು ಒಂದರ ಕೆಳಗೊಂದು ಕೂತಿದ್ದವು. ಕೊಕ್ಕು, ರೆಕ್ಕೆ, ಕಣ್ಣು ಎಲ್ಲ ಇದ್ದವು.

"ಇದು ಎಂತದು?" ಎಂದೆ.

"ಹುಲಿಗೆಮ್ಮಂದು. ಸೊನ್ನಿ ಕೊಟ್ಟೀನಿ."

ನಾನು ಪ್ರಶ್ನೆಪತ್ರಿಕೆ ಕೇಳಿ ತೆಗೆದುಕೊಂಡು ಮತ್ತೆ ಓದಿದೆ. ಬಳ್ಳಾರಿಯಲ್ಲಿ ಓದಿದಾಗ ಅದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ. ಮಗುವಿನ ಅಂಗಿ ಹೊಲಿದು ಎದೆಯ ಮೇಲೆ ಸಮ ಅಂತರದಲ್ಲಿ ಮೂರು ಗುಬ್ಬಿಗಳನ್ನು ಇಡಬೇಕು ಎಂದಿತ್ತು. ಮಂಗಳೂರಿನವರಾದ ನಿಮಗೆ ಇದರಲ್ಲಿ ಏನು ತಪ್ಪೆಂದು ಈಗಲೂ ಹೊಳೆಯಲಿಕ್ಕಿಲ್ಲ. ನಮ್ಮಲ್ಲಿ ಅಂಗಿಗೆ ಹಾಕುವುದು ಗುಬ್ಬಿ. ಇಲ್ಲಿ ಅದು ಗುಂಡಿ, ಇಲ್ಲವೆ ಬಟನ್. ಗುಬ್ಬಿ ಎಂದರೆ ಇಲ್ಲಿ ಹಾರುವ ಗುಬ್ಬಿ ಮಾತ್ರ. ಮದ್ರಾಸಿನಲ್ಲಿ ಕೂತು ಎರಡು ಜಿಲ್ಲೆಗೂ ಒಂದೇ ಕನ್ನಡ ಬರೆದವರು ನಮ್ಮ ಕಡೆಯವರೇ ಇರಬೇಕು. ಬಳ್ಳಾರಿಯಲ್ಲಿ ಗುಂಡಿಯ ಡಬ್ಬಿ ಮೇಜಿನ ಮೇಲಿತ್ತು, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಕುರುಗೋಡಿನ ಡಬ್ಬಿ ಗುರುಸಿದ್ದಮ್ಮನ ಕಪಾಟಿನಲ್ಲಿತ್ತು.

"ಡಬ್ಬಿ ಯಾಕೆ ಹೊರಗಿಡಲಿಲ್ಲ?"

"ಕೇಳಿದ್ರ ಕೊಡ್ತಿದ್ದೆ. ಯಾರೂ ಕೇಳಲಿಲ್ಲ."

"ಗುಬ್ಬಿ ಅಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ. ಆದ್ರ ಮಾರ್ಕಿನ ಪಟ್ಟಿಯಾಗ ಬಟನ್ ಅಂತ ಐತಿ. ಬಟನ್ ಇಲ್ಲ, ಮಾರ್ಕಿಲ್ಲ. ಪರೀಕ್ಷಾದಾಗ ಅರ್ಥ ಹೇಳಬಾರದು ಅಂತ ನೀವ ಹೇಳಿಕಳಿಸೀರಿ."

ಹೇಳಿಕಳಿಸಿದ್ದು ನಿಜ. ಒಬ್ಬಳು ನಿಯಮವನ್ನೇ ಕೇಳುವವಳಲ್ಲ, ಇನ್ನೊಬ್ಬಳು ನಿಯಮ ಬಿಟ್ಟರೆ ಬೇರೇನನ್ನೂ ಕೇಳುವವಳಲ್ಲ. ಇವರಿಬ್ಬರ ನಡುವೆ ನನ್ನ ಬಸ್ಸು ಓಡಾಡಬೇಕಿತ್ತು.

ಬಳ್ಳಾರಿಗೆ ಹಿಂತಿರುಗಿ, ಮೂರೂ ಕಡೆಯವರಿಗೆ ಮತ್ತೆ ಪರೀಕ್ಷೆ ಆಗಬೇಕೆಂದೆ. ಕಾಮೇಶ್ವರಮ್ಮ ತಲೆಯ ಮೇಲೆ ಕೈಯಿಟ್ಟರು. "ಮದ್ರಾಸಿನ ಪೇಪರ್ ತಪ್ಪು ಅಂತ ಮದ್ರಾಸಿಗೆ ಬರೆಯೋದಾ?" ಬರೆಯಿರಿ ಎಂದೆ. ಬರೆಯಲಿಲ್ಲ. ಒಂದು ವಾರ ಬೆನ್ನುಬಿದ್ದೆ. ಕೊನೆಗೆ, ಪೇಪರ್ ತಪ್ಪೆನ್ನದೆ ಅಚ್ಚಿನಲ್ಲಿ ಸ್ವಲ್ಪ ಅಸ್ಪಷ್ಟತೆ ಇತ್ತೆಂದು ಬರೆದರು. ಒಪ್ಪಿಗೆ ಬಂತು.

ಮರುಪರೀಕ್ಷೆಗೆ ಮುಂಚೆ ಇಬ್ಬರು ಟೀಚರರನ್ನೂ ಬಳ್ಳಾರಿಗೆ ಕರೆಸಿ, ಹೆಸರು ಮರೆಮಾಡಿದ ಒಂದೇ ಅಂಗಿಗೆ ಮೂವರೂ ಬೇರೆಬೇರೆಯಾಗಿ ಮಾರ್ಕು ಹಾಕೋಣ ಎಂದೆ. ರತ್ನಮ್ಮ ನೂರರ ಹತ್ತಿರ ಹಾಕಿದಳು. ಗುರುಸಿದ್ದಮ್ಮ ಇಪ್ಪತ್ತು ದಾಟಲಿಲ್ಲ. ನಾನು ನಡುವೆ ಎಲ್ಲೋ ಇದ್ದೆ, ಮತ್ತು ಅದು ಯಾಕೆಂದು ಕೇಳಿದಾಗ ಇಬ್ಬರಿಗೂ ಒಪ್ಪುವಂತೆ ವಿವರಿಸಲಾಗಲಿಲ್ಲ. ಕತ್ತರಿಸಿದ್ದಕ್ಕೆ ಎಷ್ಟು, ತೋಳು ಕೂಡಿಸಿದ್ದಕ್ಕೆ ಎಷ್ಟು, ಕಾಜಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಗೊತ್ತುಮಾಡುವಷ್ಟರಲ್ಲಿ ಸಂಜೆಯಾಯಿತು. "ಇಕಿಗೆ ಕರುಳಿಲ್ಲ" ಎಂದು ರತ್ನಮ್ಮ, "ಇಕಿಗೆ ಕಣ್ಣಿಲ್ಲ" ಎಂದು ಗುರುಸಿದ್ದಮ್ಮ, ಇಬ್ಬರೂ ನನಗೇ ದೂರು ಹೇಳಿದರು. ಸಿರುಗುಪ್ಪದ ಅಂಗಿಗಳನ್ನು ಗುರುಸಿದ್ದಮ್ಮ ನೋಡುವುದು, ಕುರುಗೋಡಿನವನ್ನು ರತ್ನಮ್ಮ ನೋಡುವುದು, ಎರಡೂ ರಾಶಿಯಿಂದ ಕೆಲವನ್ನು ಎತ್ತಿ ನಾನು ನೋಡುವುದು ಎಂದಾಯಿತು.

ಮರುಪರೀಕ್ಷೆಗೆ ಎಲ್ಲರೂ ಬಂದರು, ಹುಲಿಗೆಮ್ಮ ಬರಲಿಲ್ಲ.

ನಾನೇ ಕುರುಗೋಡಿಗೆ ಹೋದೆ. ಗುರುಸಿದ್ದಮ್ಮ ಅವಳ ಮನೆ ತೋರಿಸಿದಳು. ಹುಲಿಗೆಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಗಂಡ ಬಿಟ್ಟುಹೋದ ಮೇಲೆ ತಾಯಿಯ ಜೊತೆ ಇದ್ದುಕೊಂಡು ಹೊಲಿಗೆಯಿಂದಲೇ ಮನೆ ನಡೆಸುತ್ತಿದ್ದವಳು. ರಾರಾವಿಯ ಸಾಲೆಯಲ್ಲಿ ಹೊಲಿಗೆ ಟೀಚರ್ ಜಾಗ ಖಾಲಿಯಿತ್ತು. ಅದಕ್ಕಾಗಿಯೇ ಅವಳು ವರ್ಷವಿಡೀ ತರಗತಿಗೆ ಬಂದಿದ್ದಳು.

"ಮತ್ತೊಮ್ಮೆ ಹೊಲಿದರೆ ಪಾಸಾಗುತ್ತೀಯಲ್ಲ" ಎಂದೆ.

"ತಪ್ಪು ನಂದೇನ್ರಿ?"

"ಅಲ್ಲ. ಪೇಪರಿನದು."

"ಮತ್ತ ನಾ ಯಾಕ ಬರ್ಲಿ? ಗುಬ್ಬಿ ಇಡು ಅಂದ್ರಿ, ಇಟ್ಟೆ. ಊರ ತುಂಬ ನಕ್ಕರು. ಸಣ್ಣ ಹುಡುಗ್ರು ಸೈತ ಚಿಂವ್ ಚಿಂವ್ ಅಂತಾರ. ಈಗ ಮತ್ತ ಹೋಗಿ ಕುಂತ್ರ, ಅಕಿಗೆ ತಿಳಿದಿರಲಿಲ್ಲ, ಈಗ ತಿಳೀತು ಅಂತಾರ. ನಾ ಬರಂಗಿಲ್ಲ."

ಸಿಟ್ಟು ನೆತ್ತಿಗೇರಿತು. ಇವಳಿಗಾಗಿ ಒಂದು ವಾರ ಕಾಮೇಶ್ವರಮ್ಮನನ್ನು ಕಾಡಿದ್ದೆ. ಆದರೆ ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಆಗ ಒಬ್ಬ ಮುದುಕ ಎದುರಿನಿಂದ ಹೋದ. ಗುರುಸಿದ್ದಮ್ಮ ಅವನ ಅಂಗಿಯನ್ನೇ ನೋಡುತ್ತಿದ್ದಳು.

"ಯಜಮಾನ್ರ, ಈ ಅಂಗಿ ಯಾರು ಹೊಲದಾರ?"

"ನಮ್ಮ ಹುಲಿಗಿ ಹೊಲದಾಳ. ಯಾಕಬೇ?"

"ನಿಂದರ್ರಿ ಸ್ವಲ್ಪ."

ಗುರುಸಿದ್ದಮ್ಮ ಅವನ ಎದೆಯ ಹತ್ತಿರ ಬಗ್ಗಿ ಕಾಜವೊಂದನ್ನು ಉಗುರಿನಿಂದ ಕೆದಕಿದಳು. ಮುದುಕ ಆಕಾಶ ನೋಡುತ್ತ ನಿಂತ. ಆಮೇಲೆ ಅವಳು ನನಗೆ ಬರುವಂತೆ ಸನ್ನೆ ಮಾಡಿ ಮುಂದೆ ನಡೆದಳು. ನಾವು ಬಸವಣ್ಣನ ಗುಡಿಯ ಬೀದಿಯುದ್ದಕ್ಕೂ ಹೋದೆವು. ಕಿರಾಣಿ ಅಂಗಡಿಯವನ ಅಂಗಿ, ಅವನ ಮಗಳ ಲಂಗದ ಮೇಲಿನ ಜಂಪರು, ಒಂದು ಕೂಸಿನ ತಲೆಯ ಮೇಲಿನ ಕುಲಾವಿ, ಹುಲಿಗೆಮ್ಮ ಹೊಲಿದದ್ದೆಂದು ಯಾರು ಹೇಳಿದರೂ ನಿಲ್ಲಿಸಿ ನೋಡಿದೆವು. ಎಷ್ಟೋ ಸಲ ಒಗೆದ ಬಟ್ಟೆಗಳು. ಕಾಜ ಮಾತ್ರ ಎಲ್ಲೂ ಬಿಟ್ಟಿರಲಿಲ್ಲ. ಬೀದಿಯ ಕೊನೆಯಲ್ಲಿ ಗುರುಸಿದ್ದಮ್ಮ ನಿಂತು, "ಪಾಸ್ ಮಾಡಬಹುದು. ಆದ್ರ ಕೂಸಿನ ಕುಲಾವಿಗೆ ಒಂದು ಮಾರ್ಕು ಕಡಿತೀನಿ, ಲಾಡಿ ಗಿಡ್ಡ ಐತಿ" ಎಂದಳು. ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡಿದ್ದರೆ ನನಗೂ ಮಾರ್ಕು ಕಡಿಯುತ್ತಿದ್ದಳು.

"ಮನುಷ್ಯರ ಮೈಮೇಲಿನ ಬಟ್ಟೆಗೆ ಪರೀಕ್ಷೆ ಮಾಡಬಹುದು ಅಂತ ಯಾವ ರೂಲ್ಸಲ್ಲಿದೆ?" ಎಂದರು ಕಾಮೇಶ್ವರಮ್ಮ, ಬಳ್ಳಾರಿಗೆ ಹಿಂತಿರುಗಿ ಹೇಳಿದಾಗ. ಮಾಡಬಾರದೆಂದು ಎಲ್ಲಿದೆ ಎಂದೆ. ಹುಲಿಗೆಮ್ಮನ ಮಾರ್ಕಿನ ಪಟ್ಟಿಗೆ ನಾನೂ ಗುರುಸಿದ್ದಮ್ಮನೂ ಸಹಿ ಹಾಕಿದೆವು. ರತ್ನಮ್ಮನೂ ಹಾಕಿದಳು; ಅವಳಿಗೆ ಪಾಸು ಮಾಡುವುದೆಂದರೆ ಯಾವಾಗಲೂ ಇಷ್ಟ.

ಮರುಪರೀಕ್ಷೆಯಲ್ಲಿ ಕುರುಗೋಡಿನ ಬಹುಪಾಲು ಹೆಂಗಸರು ಪಾಸಾದರು. ಸಿರುಗುಪ್ಪದಲ್ಲಿ ಕೆಲವರು ಫೇಲಾದರು. ಅವರಲ್ಲಿ ಒಬ್ಬಳ ಅತ್ತೆ ಬಳ್ಳಾರಿಯವರೆಗೂ ಬಂದು ಬಸಮ್ಮನ ಬಾಗಿಲಲ್ಲಿ ನಿಂತು ನನ್ನನ್ನು ತೆಲುಗಿನಲ್ಲಿ ಬೈದಳು. ಆ ಹೊತ್ತಿಗೆ ನನಗೆ ತೆಲುಗು ಅರ್ಥವಾಗತೊಡಗಿತ್ತು, ಅದೇ ನಷ್ಟ. ಆ ಸೊಸೆ ಮತ್ತೆ ತರಗತಿಗೆ ಬರಲಿಲ್ಲ. ರತ್ನಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ.

ಹುಲಿಗೆಮ್ಮನ ಸರ್ಟಿಫಿಕೇಟು ತಡವಾಗಿ ಬಂತು. ರಾರಾವಿಯ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಮರುವರ್ಷ ಹಚ್ಚೊಳ್ಳಿಯಲ್ಲಿ ಸಿಕ್ಕಿತು. ಸರ್ಟಿಫಿಕೇಟು ಕೊಡಲು ನಾನೇ ಹೋಗಿದ್ದೆ. ಮದ್ರಾಸಿನ ಯಾವನೋ ಗುಮಾಸ್ತ ಅವಳ ಹೆಸರನ್ನು ಪುಲಿಗೆಮ್ಮ ಎಂದು ಬರೆದಿದ್ದ. ಅದನ್ನು ನೋಡಿ ನನಗೆ ಅಳು ಬರುವಂತಾಯಿತು. ವಾಪಸು ಕಳಿಸಿ ತಿದ್ದಿಸುತ್ತೇನೆ ಎಂದೆ.

ಹುಲಿಗೆಮ್ಮ ಎರಡು ಸಲ ಓದಿಕೊಂಡಳು. "ಬ್ಯಾಡ ಬಿಡ್ರಿ. ತೆಲುಗಿನ್ಯಾಗ ಪುಲಿ ಅಂದ್ರೂ ಹುಲಿನ. ವಾಪಸ್ ಕಳಿಸಿದ್ರ ಇಲಿ ಮಾಡಿ ಕಳಸ್ತಾರ."

ಆಮೇಲೆ ಗಡಿಗಳು ಬದಲಾದವು. ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಜಿಲ್ಲೆ ಮದ್ರಾಸಿನಲ್ಲೇ ಉಳಿಯಿತು. ಕಾಮೇಶ್ವರಮ್ಮ ತೆಲುಗು ಸೀಮೆಗೆ ಹೋದರು. ಊರಿಗೆ ವರ್ಗ ಬೇಕಿದ್ದರೆ ಈಗಲೇ ಕೇಳಿ ಎಂದು ನನಗೂ ಹೇಳಿಹೋದರು. ಅಮ್ಮನ ಕಾಗದಗಳಲ್ಲೂ ಅದೇ ಮಾತು. ಕೇಳುತ್ತೇನೆಂದು ನಿಶ್ಚಯಿಸಿಕೊಂಡೇ ಆ ವರ್ಷದ ಅಂಗಿಗಳನ್ನು ನೋಡಲು ಕೂತೆ. ಗುರುಸಿದ್ದಮ್ಮ, ರತ್ನಮ್ಮ ಇಬ್ಬರೂ ಎದುರಿಗಿದ್ದರು.

"ನೀವು ಹೋಕ್ಕೀರಂತ" ಎಂದಳು ರತ್ನಮ್ಮ. "ನೀವು ಹೋದ್ರ ಇಕಿ ಒಬ್ರನ್ನೂ ಪಾಸ್ ಮಾಡಂಗಿಲ್ರಿ."

"ನೀವು ಹೋದ್ರ ಇಕಿ ಅಗಸರ ಕತ್ತಿ ಬಂದು ಕುಂತ್ರೂ ಪಾಸ್ ಮಾಡ್ತಾಳ" ಎಂದಳು ಗುರುಸಿದ್ದಮ್ಮ, ತಲೆಯೆತ್ತದೆ.

ನಾನು ಹೋಗಬಾರದು, ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು. ವರ್ಗ ಕೇಳುವ ಅವಧಿ ಮುಗಿಯಿತು. ನಾನು ಕೇಳಲಿಲ್ಲ. ಪ್ರೀತಿಯಿಂದ ಉಳಿದೆನೆಂದು ಹೇಳಲಾರೆ. ಆ ದಿನಗಳಲ್ಲಿ ನನಗಿದ್ದದ್ದು ಬರೀ ಸಿಟ್ಟು, ಮತ್ತು ಮೇಜಿನ ಮೇಲೆ ಅರ್ಧ ನೋಡಿದ ಅಂಗಿಗಳು.

ರಜೆಗೆ ಊರಿಗೆ ಬರುತ್ತೇನೆ. ಅಮ್ಮ ಕುಚ್ಚಲಕ್ಕಿ ಗಂಜಿ, ಮೀನು ಮುಂದಿಡುತ್ತಾಳೆ. ಎರಡು ದಿನ ಸ್ವರ್ಗ. ಮೂರನೆಯ ದಿನ ಜೋಳದ ರೊಟ್ಟಿ ಬೇಕೆನಿಸುತ್ತದೆ. ಅಮ್ಮ ಎಲ್ಲಿಂದಲೋ ಹಿಟ್ಟು ತರಿಸಿ, ಹೇಗೆ ತಟ್ಟುವುದು ಹೇಳು ಎನ್ನುತ್ತಾಳೆ. ಇಷ್ಟು ವರ್ಷ ಬಸಮ್ಮ ತಟ್ಟಿಕೊಟ್ಟದ್ದನ್ನೇ ತಿಂದವಳು ನಾನು, ನನಗೂ ಬರುವುದಿಲ್ಲ. ಇಬ್ಬರೂ ಹಿಟ್ಟನ್ನು ಮುಂದಿಟ್ಟುಕೊಂಡು ಕೂರುತ್ತೇವೆ.