ದನಿ ಆಮೇಲೆ

ಅರಸೀಕೆರೆ ಹತ್ತಿರದ ಗಂಡಸಿಯಲ್ಲಿ ನನ್ನ ಸಿನಿಮಾದ ಶೂಟಿಂಗ್ ನಡೆಯುವಾಗ ಪಕ್ಕದಲ್ಲೇ ಕಾಯಿ ಸುಲಿಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ರೇಗಿಹೋಗಿ ಮೈಕನ್ನೇ ತೆಗೆಸಿದೆ. ಮುಖ್ಯ ಪಾತ್ರ ಮಾಡುತ್ತಿದ್ದ ಊರಿನ ಅಜ್ಜಿಗೆ, "ಬರೀ ತುಟಿ ಆಡ್ಸಿ ಸಾಕು, ದನಿ ಆಮೇಲೆ ಸೇರಿಸ್ಕೊಳ್ಳೋಣ" ಎಂದೆ. ಡಬ್ಬಿಂಗಿಗೆ ಮೊದಲೇ ಅಜ್ಜಿ ತೀರಿಕೊಂಡರು.

ಅರಸೀಕೆರೆಯ ಪುಟ್ಟ ಚಿತ್ರೋತ್ಸವದಲ್ಲಿ, ಇನ್ನೂ ಮುಗಿದಿಲ್ಲವೆಂದು ಹೇಳಿ, ಸಿನಿಮಾವನ್ನು ಹಾಗೆಯೇ ತೋರಿಸಿದೆ. ಪರದೆಯ ಮೇಲೆ ಅಜ್ಜಿಯ ತುಟಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಮುಗಿದ ಮೇಲೆ ಮೇಷ್ಟರೊಬ್ಬರು ನನ್ನ ಕೈ ಹಿಡಿದು, "ಮೌನವನ್ನ ಎಷ್ಟು ಚೆನ್ನಾಗಿ ಬಳಸಿದ್ದೀರಿ ಸಾರ್!" ಎಂದರು. ನಾಚಿಕೆಗೆಟ್ಟವನು, ಆ ಹೊಗಳಿಕೆಗೂ ಕೈಮುಗಿದೆ.

ಅವರ ಹಿಂದೆ ಅಜ್ಜಿಯ ಮಗಳು ಕಾಯುತ್ತಿದ್ದಳು.

"ಇನ್ನೂ ಮುಗಿದಿಲ್ಲ ಅಂದ್ರಲ್ಲ ಸಾ," ಎಂದಳು. "ಮುಗಿಸ್ದಾಗ ನಮ್ಮವ್ವನ ದನಿ ಹಾಕ್ತೀರಾ?"