ಬಾಟಲಿ ಅಕ್ಕನ ಮಗಳ ಅರ್ಜಿ

ಬಾಟಲಿ ಅಕ್ಕ ಅಷ್ಟು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನವನು ಅಳೆದುಕೊಟ್ಟ ಹಾಲನ್ನು ಅವನೆದುರೇ ಇನ್ನೊಮ್ಮೆ ಅಳೆಯುವಳು. ಡಾಕ್ಟರು ಬರೆದ ಚೀಟಿಯನ್ನು ಎರಡೆರಡು ಅಂಗಡಿಯಲ್ಲಿ ಓದಿಸುವಳು. ತೀರಿಹೋದ ಗಂಡ, ಪಾಪ, "ಮದುವೆ ದಿನಾನೂ ನಿಮ್ಮ ವಯಸ್ಸು ಸರಿಯಾಗಿ ಹೇಳಿ ಅಂದ್ಲು ಕಣ್ರೀ" ಎಂದು ಕಂಡಕಂಡವರಿಗೆ ಹೇಳಿ ನಗುತ್ತಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಟ್ಟಿದವರು ಅವಳನ್ನು ನೋಡಿಯೇ ಕಟ್ಟಿರಬೇಕು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಸುತ್ತಲಿನ ಕಾರ್ಖಾನೆಗಳು ತಾವು ಹೊರಬಿಡುವ ನೀರನ್ನು ತಿಂಗಳಿಗೊಮ್ಮೆ ಬಾಟಲಿಯಲ್ಲಿ ತುಂಬಿ ಕಳಿಸುತ್ತವೆ. ಪರೀಕ್ಷೆ ಮುಗಿದ ಮೇಲೆ ಬಾಟಲಿಗೆ ಅಂಟಿಸಿದ ಚೀಟಿ ಕಿತ್ತು, ಬಾಟಲಿ ತೊಳೆದು, ಬೋರಲು ಹಾಕುವುದು ಇವಳ ಪಾಲು. ಹತ್ತೊಂಬತ್ತು ವರ್ಷ ಅದೇ ತೊಟ್ಟಿ, ಅದೇ ಉದ್ದ ಹಿಡಿಯ ಬ್ರಷ್ಷು. ಹೊರಬಿಡುವ ಮೊದಲು ಎಷ್ಟೇ ಶುದ್ಧ ಮಾಡಿರಲಿ, ಕಾರ್ಖಾನೆಯ ನೀರು ಬಾಟಲಿಯ ಒಳಮೈಗೆ ಜಾರುವಂಥ ಪೊರೆಯೊಂದನ್ನು ಅಂಟಿಸಿಯೇ ಹೋಗುತ್ತದೆ. ಅದು ಬೆರಳಿಗೆ ಗೊತ್ತಾಗುತ್ತದೆ. ಹೊಳೆ ಪಕ್ಕದ ಬಣ್ಣದ ಕಾರ್ಖಾನೆಯ ಬಾಟಲಿಗಳಲ್ಲಿ ಮಾತ್ರ ಪೊರೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಅಪ್ಪಟ ನಲ್ಲಿ ನೀರು! ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವಳಿಗೆ ಅದು ತಿಳಿದುಹೋಗಿತ್ತು. ಆ ಬಾಟಲಿಗಳ ಚೀಟಿಯ ಮೇಲೆ ಕಾರ್ಖಾನೆಯ ಎಂಜಿನಿಯರು ಹಾಕುವ ಸಹಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವುದನ್ನೂ ಅವಳು ನೋಡುತ್ತ ಬಂದಿದ್ದಳು.

ಈ ವರ್ಷ ಮಗಳ ಓದು ಕಾಲೇಜಿನ ಬಾಗಿಲಿಗೆ ಬಂತು. ವಿಶ್ವವಿದ್ಯಾಲಯದಲ್ಲಿ ಮಾಹಿತಿ ಕೊಡುವ ದಿನ ತಾಯಿ ಮಗಳು ಇಬ್ಬರೂ ಹೋದರು. ದೊಡ್ಡ ಹಜಾರದಲ್ಲಿ ಸಾಲಾಗಿ ಮೂರು ಮೇಜು: ಪರಿಸರ ಎಂಜಿನಿಯರಿಂಗ್, ಪರಿಸರ ಕಾನೂನು, ಪರಿಸರ ನೀತಿ. ನೀತಿಯ ಮೇಜಿನವರು ಸರ್ಕಾರಕ್ಕೆ ಸಲಹೆ ಕೊಡುವ ಕೆಲಸ ಸಿಗುತ್ತದೆ ಎಂದರು. ಸಲಹೆ ಯಾರು ಕೇಳುತ್ತಾರೆ ಎಂದು ಅಕ್ಕ ಮುಂದೆ ನಡೆದಳು. ಮಗಳು ಕಾನೂನಿನ ಮೇಜಿನ ಮುಂದೆ ಅರ್ಧ ಗಂಟೆ ನಿಂತು ಪ್ರಶ್ನೆ ಕೇಳಿದವಳು, ಎಂಜಿನಿಯರಿಂಗ್ ಅರ್ಜಿ ಹಿಡಿದುಕೊಂಡು ಬಂದಳು. ಯಾಕೆಂದರೆ ಎಂಜಿನಿಯರಿಂಗ್ ಮೇಜಿನ ಪಕ್ಕದಲ್ಲಿ ಟೈ ಕಟ್ಟಿದ ನಗುಮುಖದವನೊಬ್ಬ ವಿದ್ಯಾರ್ಥಿವೇತನ ಹಂಚುತ್ತ ಕೂತಿದ್ದ.

"ಶುಲ್ಕ, ಹಾಸ್ಟೆಲ್ಲು, ಪುಸ್ತಕ ಎಲ್ಲಾ ನಮ್ದೇ ಅಮ್ಮಾ. ಓದು ಮುಗಿದ ಮೇಲೆ ಐದು ವರ್ಷ ನಮ್ಮಲ್ಲೇ ಕೆಲಸ."

"ನಿಮ್ದು ಅಂದ್ರೆ ಯಾರ್ದು?"

"ಹೊಳೆ ಪಕ್ಕದ ಬಣ್ಣದ ಕಾರ್ಖಾನೆ ಅಮ್ಮಾ."

ಅಕ್ಕನಿಗೆ ಆ ನಲ್ಲಿ ನೀರಿನ ಬಾಟಲಿಗಳು ನೆನಪಾದವು. ಮುಖದಲ್ಲಿ ತೋರಿಸಲಿಲ್ಲ. "ಕಾನೂನು ಓದ್ತೀನಿ ಅಂದ್ರೆ ಕೊಡಲ್ವಾ?"

ನಗು ಅರ್ಧಕ್ಕೆ ನಿಂತಿತು. "ವಕೀಲರು ನಮಗೆ ಬೇಕಾದಷ್ಟಿದ್ದಾರೆ."

"ಮತ್ತೆ ಇವಳಿಗೆ ಏನ್ ಕೆಲಸ ಕೊಡ್ತೀರಿ?"

"ತುಂಬಾ ಸುಲಭದ್ದು. ನೀರಿನ ಬಾಟಲಿಗಳಿಗೆ ಸಹಿ ಹಾಕೋದು, ಕಳ್ಸೋದು."

ಅಕ್ಕ ಮಗಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಮಗಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಿಡಿದಳು. "ನಿನ್ನ ಅನುಮಾನಕ್ಕೆ ನನ್ನ ಓದನ್ನೂ ಬಲಿ ಕೊಡ್ತೀಯಾ? ಒಳ್ಳೇದು ಮಾಡೋರು ಪ್ರಪಂಚದಲ್ಲಿ ಇಲ್ಲವೇ ಇಲ್ವಾ?"

"ಗಾಳಕ್ಕೆ ಎರೆಹುಳ ಸಿಕ್ಕಿಸೋನು ಮೀನಿನ ಹೊಟ್ಟೆ ತುಂಬಲಿ ಅಂತ ಸಿಕ್ಕಿಸ್ತಾನೇನೇ?" ಎಂದಳು ಅಕ್ಕ. ಆಮೇಲೆ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು: ನಲ್ಲಿ ನೀರು, ಬದಲಾಗುವ ಸಹಿಗಳು. "ನಾಳೆ ಸಿಕ್ಕಿಬಿದ್ರೆ ಯಜಮಾನನಿಗೆ ಏನೂ ಆಗಲ್ಲ. ಕೈಗೆ ಬೇಡಿ ಬೀಳೋದು ಸಹಿ ಹಾಕಿದೋಳಿಗೆ. ಆ ಸಹಿ ನಿಂದಾಗೋದು ನಂಗೆ ಬೇಡ."

ಮಗಳು ಕೈಯಲ್ಲಿದ್ದ ಅರ್ಜಿಯನ್ನು ಮಡಚಿದಳು. "ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತಾ?"

"ಹೂಂ."

"ಯಾರಿಗೆ ಹೇಳ್ದೆ?"

"ಬಾಟಲಿ ತೊಳೆಯೋಳ ಮಾತು ಯಾರು ಕೇಳ್ತಾರೆ?"

"ಕೇಳೋದು ಬಿಡೋದು ಆಮೇಲೆ. ನೀನು ಹೇಳ್ದ್ಯಾ?"

ಅಕ್ಕ ಹೇಳಿರಲಿಲ್ಲ. ಕೆಲಸ ಹೋದರೆ ಮಗುವಿಗೆ ಏನು ತಿನ್ನಿಸಲಿ ಎಂಬ ಹೆದರಿಕೆ ಮೊದಮೊದಲು ಇತ್ತು, ಅದು ಸುಳ್ಳಲ್ಲ. ಆಮೇಲೆ ಅದೇ ರೂಢಿಯಾಯಿತು. ಪ್ರತಿ ತಿಂಗಳು ಆ ಚೀಟಿಗಳನ್ನು ಕಿತ್ತು ತೊಟ್ಟಿಯಲ್ಲಿ ತೊಳೆದು ಹಾಕಿದ್ದು ಅವಳದೇ ಕೈ. ಊರನ್ನೆಲ್ಲ ಅನುಮಾನಿಸಿದ ಹೆಂಗಸಿಗೆ ತನ್ನ ಮೇಲೊಂದು ಅನುಮಾನ ಬಂದಿರಲಿಲ್ಲ. ನಾಚಿಕೆಯಾಯಿತು, ಮಗಳ ಮುಖ ನೋಡಲಾಗದಷ್ಟು ನಾಚಿಕೆ.

ಮರುದಿನ ಮಗಳು ಕಾನೂನಿನ ಅರ್ಜಿ ತಂದಳು. ಐದು ವರ್ಷದ ಓದು, ಅರ್ಧ ಶುಲ್ಕ ಮಾಫಿ, ಉಳಿದದ್ದಕ್ಕೆ ಸಂಜೆ ಎಲ್ಲಾದರೂ ಕೆಲಸ ಹುಡುಕಬೇಕು. ಅಡುಗೆಮನೆಯ ನೆಲದಲ್ಲಿ ಕೂತು ತುಂಬಿಸುತ್ತ ಕೊನೆಯ ಪ್ರಶ್ನೆಗೆ ಬಂದು ನಿಂತಳು.

"'ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ?' ಅಂತ ಕೇಳಿದ್ದಾರೆ. ಏನ್ ಬರೀಲಿ ಅಮ್ಮಾ?"

ಅಕ್ಕ ಒಲೆ ಆರಿಸಿ ಬಂದು ಎದುರಿಗೆ ಕೂತಳು.

"ನಮ್ಮಮ್ಮನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ ಅಂತ ಬರಿ."

ಮಗಳು ಪೆನ್ನು ಕೆಳಗಿಟ್ಟಳು. "ಹಾಗೆ ಬರೆದ್ರೆ ಓದಿದೋರು ನಿನ್ನನ್ನ ಹುಡುಕ್ಕೊಂಡು ಬರ್ತಾರಮ್ಮಾ. ಕೆಲಸ ಹೋಗತ್ತೆ."

"ಬರಲಿ," ಎಂದಳು ಅಕ್ಕ. "ಕಾರ್ಖಾನೆ ಹೆಸರನ್ನೂ ಬರಿ."