ಇಹ್ಸಾನನ ಪ್ರಚಾರ

ಚುನಾವಣೆ ಘೋಷಣೆಯಾದಾಗ ಬಿ.ಸಿ.ರೋಡಿನ ಇಹ್ಸಾನನಷ್ಟು ಖುಷಿಪಡುವವರು ಅಭ್ಯರ್ಥಿಗಳಲ್ಲೂ ಇಲ್ಲ. ಚಪ್ಪಲಿ ಅಂಗಡಿಯನ್ನು ಅಕ್ಕ ಶಾಹಿದಾಳಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ನರಿಕೊಂಬಿನ ಯತಿರಾಜನ ಬೈಕಿನ ಹಿಂದೆ ಕುಳಿತು ಬೆಳಿಗ್ಗೆಯೇ ಪ್ರಚಾರಕ್ಕೆ ಹೊರಡುತ್ತಾನೆ. ಉಳಿದ ಕಾರ್ಯಕರ್ತರು ಊಟದ ಹೊತ್ತಿಗೇ ಸುಸ್ತಾದರೆ ಇವನು, "ಗುಡ್ಡೆಯ ಆಚೆ ಎರಡು ಮನೆ ಬಾಕಿ ಉಂಟು, ನಾವಿಬ್ಬರೇ ಹೋಗಿ ಬರ್ತೇವೆ" ಎನ್ನುತ್ತಾನೆ. ಮೂರನೆಯ ಸಲ ಮತ ಕೇಳಲು ಹೋದಾಗ ಅಲ್ಲಿನ ಒಂದು ಮನೆಯ ಲೋಲಾಕ್ಷಿಯಕ್ಕ, "ನನ್ನ ಓಟು ನಿಮಗೇ ಮಾರಾಯ್ರೆ, ಇನ್ನು ಬರ್ಬೇಡಿ" ಎಂದು ಕೈಮುಗಿದಿದ್ದರು. ಕಳೆದ ಬಾರಿ ಅಭ್ಯರ್ಥಿ ಸೋತ ದಿನವೇ ಇವನು, "ಪಂಚಾಯತ್ ಚುನಾವಣೆ ಯಾವಾಗ?" ಎಂದು ಕೇಳಿದ್ದ. ಇದನ್ನೆಲ್ಲ ಪಕ್ಷನಿಷ್ಠೆ ಎಂದು ಎಲ್ಲರೂ ಹೊಗಳುತ್ತಿದ್ದರು. ಪಕ್ಷದ ಫೋಟೊ ತೆಗೆಯುವ ನಾನೂ ನಂಬಿದ್ದೆ. ಈ ಸಲ ಕರಪತ್ರಕ್ಕೆ ಹಿಂದೂ ಮುಸ್ಲಿಂ ಸೌಹಾರ್ದದ ಚಿತ್ರ ಬೇಕೆಂದು ಅಭ್ಯರ್ಥಿ ಇವರಿಬ್ಬರನ್ನೇ ಆರಿಸಿ, "ಕೈ ಹಿಡಿದು ನಿಲ್ಲಿ" ಎಂದರು. ಪೇಟೆಯ ನಡುವೆ, ನೂರು ಜನರೆದುರು, ಇಬ್ಬರೂ ಕೈ ಹಿಡಿದರು. ಅವರ ಹೆಗಲ ಮೇಲಿನ ಪಕ್ಷದ ಶಾಲು ಸರಿಪಡಿಸಲು ನಾನು ಹತ್ತಿರ ಹೋದಾಗ ಇಹ್ಸಾನ ಜನರತ್ತ ನೋಡುತ್ತ ಹಿಡಿದ ಕೈಯನ್ನು ಸಡಿಲಿಸುತ್ತಿದ್ದ. "ಹೆದರ್ಬೇಡ, ಇವತ್ತು ಯಾರೂ ಏನೂ ಹೇಳುದಿಲ್ಲ" ಎಂದು ಯತಿರಾಜ ಮೆಲ್ಲಗೆ ಹೇಳಿ, ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದ. ಇಹ್ಸಾನನ ಕಣ್ಣು ತುಂಬಿ, ಮುಖವೆಲ್ಲ ನಗುವಾಯಿತು. ಇಷ್ಟು ವರ್ಷ ಅವನನ್ನು ಮನೆಮನೆ ಸುತ್ತಿಸಿದ್ದು ಯತಿರಾಜನ ಮೇಲಿನ ಪ್ರೀತಿ ಎಂದು ನನಗೆ ಆಗ ತಿಳಿಯಿತು. ಫೋಟೊ ಮೊದಲ ಸಲವೇ ಚೆನ್ನಾಗಿ ಬಂದಿತ್ತು. ಆದರೂ ನಾನು ಆಕಾಶ ನೋಡಿ, "ಬೆಳಕು ಸಾಲುದಿಲ್ಲ ಮಾರಾಯ್ರೆ, ಮೋಡ ಸರಿಯುವವರೆಗೆ ಹಾಗೇ ನಿಲ್ಲಿ, ಕೈ ಮಾತ್ರ ಬಿಡ್ಬೇಡಿ" ಎಂದೆ.